ಇತರೆ, ನೂರ ಎಂಬತ್ತಾರು ರೂಪಾಯಿ

ಕಬ್ಬಾಳು
೧೭ ಮಾರ್ಚ್ ೨೦೨೪

ಮನೆಯವರಿಗೆ,

ನಾನು ಇಲ್ಲಿಗೆ ಬಂದು ಆರು ದಿನವಾಯಿತು. ಆಶ್ರಮದ ಅಡುಗೆಮನೆಗೆ ಅಂಟಿಕೊಂಡ ಒಂದು ಕೋಣೆ ಕೊಟ್ಟಿದ್ದಾರೆ. ಕಿಟಕಿ ತೆರೆದರೆ ಬೆಟ್ಟ. ಇಪ್ಪತ್ತೆರಡು ಜನ ವಯಸ್ಸಾದವರಿಗೆ ಬೆಳಿಗ್ಗೆ ತಿಂಡಿ, ಎರಡು ಹೊತ್ತು ಊಟ. ಗ್ಯಾಸ್ ಒಲೆ ಇದೆ. ಸಂಬಳ ಹದಿಮೂರೂವರೆ ಸಾವಿರ, ನನ್ನ ಊಟ ಇಲ್ಲಿಯೇ. ಆ ಸಂಬಳ ನಮ್ಮ ಜಂಟಿ ಖಾತೆಗೇ ಬರುತ್ತದೆ. ಐದನೇ ತಾರೀಖು ಬ್ಯಾಂಕಿನವರು ಅಲ್ಲಿಂದಲೇ ಕಂತು ಹಿಡಿದುಕೊಳ್ಳಲಿ.

ಫೋನನ್ನು ಮರೆತು ಬಂದೆ ಅಂದುಕೊಳ್ಳಬೇಡಿ, ಬೇಕೆಂದೇ ಬಿಟ್ಟು ಬಂದೆ. ಸಾಲದ ಅರ್ಜಿಯಲ್ಲಿ ನನ್ನ ನಂಬರನ್ನೂ ಬರೆದವರು ನೀವು. ಎರಡು ಕಂತು ತಪ್ಪಿದ್ದಕ್ಕೆ ವಸೂಲಿಯವರು ದಿನಕ್ಕೆ ಒಂಬತ್ತು ಸಲ ಬೈದರು, ಕೇಳಿಸಿಕೊಂಡವಳು ನಾನು. ಇನ್ನು ನೀವು ಕೇಳಿಸಿಕೊಳ್ಳಿ. ತೀರಾ ತುರ್ತಾದರೆ ಆಶ್ರಮದ ಆಫೀಸಿನ ಫೋನ್ ಇದೆ. ಉಳಿದದ್ದಕ್ಕೆ ಕಾಗದ ಸಾಕು. ನಿಮಗೆ ಬರೆಯುವುದು ಕಷ್ಟವಲ್ಲ.

ಎರಡು ಮಾತು. ಪ್ರತಿ ತಿಂಗಳು ಒಂದನೇ ತಾರೀಖು ಹಿಂದಿನ ತಿಂಗಳ ಲೆಕ್ಕವನ್ನು ರೂಪಾಯಿ ಬಿಡದೆ ಬರೆದು ಕಳಿಸಬೇಕು. ಸಾಲ ತೀರುವವರೆಗೆ ನೀವು ನನ್ನ ಮುಂದೆ ಬರಬಾರದು. ಬಂದರೆ ನಾನು ಕರಗಿಬಿಡುತ್ತೇನೆ, ಕರಗಿದರೆ ಲೆಕ್ಕ ಕೇಳುವುದು ನಿಲ್ಲುತ್ತದೆ. ಹಿಂದೆ ಹಾಗೆಯೇ ಆಗಿದ್ದು.

ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಮೆಸ್ ಮಾಡಬೇಕೆಂದು ಸಂಘದಲ್ಲಿ ಏಳು ವರ್ಷ ಕೂಡಿಟ್ಟ ನನ್ನ ಎಂಬತ್ತೈದು ಸಾವಿರವನ್ನು ಆ ಬಿಡದಿ ಸೈಟಿನ ಅಡ್ವಾನ್ಸಿಗೆ ಕೊಟ್ಟಿರಿ. ಮನೆಯ ಲೆಕ್ಕದ ಪುಸ್ತಕದಲ್ಲಿ ಅದರ ಎದುರಿಗೆ ನೀವು ಬರೆದ ಪದ ನನಗೆ ಇನ್ನೂ ಕಾಣುತ್ತದೆ. ‘ಇತರೆ.’

ಬಿಪಿ ಮಾತ್ರೆ ಮರೆಯಬೇಡಿ.

ಧನಲಕ್ಷ್ಮಿ

*

ಮಾಗಡಿ
೧ ಏಪ್ರಿಲ್ ೨೦೨೪

ಧನಾ,

ನಿನ್ನ ಕಾಗದ ಬಂತು. ಮಾರ್ಚ್ ತಿಂಗಳ ಲೆಕ್ಕ ಅರೆಬರೆಯಾದ್ದರಿಂದ ಏಪ್ರಿಲ್‌ಗೆ ಹಾಕಿಕೊಂಡದ್ದನ್ನು ಬರೆಯುತ್ತೇನೆ.

ಪ್ರೆಸ್ಸಿನಿಂದ ನನಗೆ ಹದಿನಾಲ್ಕು ಸಾವಿರ, ನಿನ್ನದು ಸೇರಿ ಇಪ್ಪತ್ತೇಳೂವರೆ. ಬ್ಯಾಂಕಿನ ಕಂತು ೧೧,೮೯೫. ತಪ್ಪಿದ ಎರಡು ಕಂತು ಮತ್ತು ಅದರ ದಂಡಕ್ಕೆ ತಿಂಗಳಿಗೆ ಮೂರು ಸಾವಿರದಂತೆ ಕಟ್ಟಲು ಮ್ಯಾನೇಜರ್ ಒಪ್ಪಿದ್ದಾನೆ. ಬಾಡಿಗೆ ನಾಲ್ಕು ಸಾವಿರ. ಅಕ್ಕಿ, ರಾಗಿ, ಬೇಳೆ, ಎಣ್ಣೆಗೆ ೨,೨೦೦. ತರಕಾರಿ ೮೦೦, ಹಾಲು ೭೦೦, ಗ್ಯಾಸ್ ೪೫೦, ಪತ್ರಿಕೆ ಎರಡಕ್ಕೆ ೪೨೦, ಮಾತ್ರೆ ೩೫೦, ಫೋನ್ ೨೦೦. ಕರೆಂಟು ಸೊನ್ನೆ. ನಿನ್ನ ಕೈಖರ್ಚಿಗೆ ಐನೂರು. ಉಳಿಯುವುದು ೨,೯೮೫. ಸರ್ಕಾರ ನಿನ್ನ ಹೆಸರಿಗೆ ಹಾಕುವ ಎರಡು ಸಾವಿರವನ್ನು ನಾನು ಆದಾಯವೆಂದು ಹಿಡಿದಿಲ್ಲ. ಬಂದರೆ ಬಂತು, ಇಲ್ಲದಿದ್ದರೆ ಚುನಾವಣೆ ಬರುವವರೆಗೆ ಕಾಯಬೇಕು.

೧೯೯೪ರಲ್ಲಿ ನಮ್ಮಪ್ಪನಿಗೆ ನಾಲ್ಕು ಸಾವಿರ ರೂಪಾಯಿ ಸಾಲ ಕೊಡಲು ಸೊಸೈಟಿಯ ಕಾರ್ಯದರ್ಶಿ ಹನ್ನೊಂದು ಸಲ ಅಲೆಸಿದ್ದ. ಪ್ರತಿ ಸಲವೂ ಒಂದೊಂದು ಕಾಗದ ಕಡಿಮೆ. ನನಗೆ ಅವನ ಅಂಗಿಯ ಬಣ್ಣ ಕೂಡ ನೆನಪಿದೆ. ನನಗೆ ಈ ಸೈಟಿಗೆಂದು ಐದು ಲಕ್ಷವನ್ನು ಬ್ಯಾಂಕಿನವರು ಹನ್ನೊಂದು ನಿಮಿಷದಲ್ಲಿ ಕೊಟ್ಟರು. ಅಂದು ಕೊಡದೆ ಕೊಂದರು, ಇಂದು ಕೊಟ್ಟು ಕೊಲ್ಲುತ್ತಾರೆ. ಇನ್ನು ಆ ಹೊನ್ನಕಿರಣ ಬಡಾವಣೆಯವನು! ಕೃಷಿ ಜಮೀನನ್ನು ಪರಿವರ್ತನೆಯೇ ಮಾಡಿಸದೆ ಕಲ್ಲು ನೆಟ್ಟು, ಬಣ್ಣದ ಕರಪತ್ರ ಹಂಚಿ, ಕಾರ್ಖಾನೆ ಪಕ್ಕದಲ್ಲೇ ಇದೆ, ಐದು ವರ್ಷಕ್ಕೆ ಬೆಲೆ ನಾಲ್ಕು ಪಟ್ಟು ಅಂದ. ನೂರ ಮೂವತ್ತು ಕುಟುಂಬ ನಂಬಿ ದುಡ್ಡು ಕಳೆದುಕೊಂಡವು. ಆ ಕರಪತ್ರದಲ್ಲಿ ಹದಿನೇಳು ಅಕ್ಷರದೋಷಗಳಿದ್ದವು. ನಾನು ಅವತ್ತೇ ಎಣಿಸಿದ್ದೆ.

ಒಂಬತ್ತಕ್ಕೆ ಯುಗಾದಿ. ನಾನು ನಿನ್ನ ಮುಂದೆ ಬರಬಾರದು ಅಂದೆಯಲ್ಲ, ನೀನು ಬರಬಾರದೆಂದು ಎಲ್ಲೂ ಬರೆದಿಲ್ಲ. ಹೆಂಗಸರಿಗೆ ಬಸ್ಸಿಗೆ ದುಡ್ಡು ಬೇಕಿಲ್ಲ. ಬಂದು ಹೋಗು.

ನರೇಂದ್ರ

*

ಕಬ್ಬಾಳು
೨೧ ಏಪ್ರಿಲ್ ೨೦೨೪

ಮನೆಯವರಿಗೆ,

ಯುಗಾದಿಗೆ ಇಪ್ಪತ್ತೆರಡು ಜನಕ್ಕೆ ಒಬ್ಬಟ್ಟು ತಟ್ಟಿದೆ. ಹಲ್ಲಿಲ್ಲದವರು ಹೆಚ್ಚು, ಹೂರಣ ಮೆತ್ತಗೆ ರುಬ್ಬಬೇಕಿತ್ತು. ಹಾಗಾಗಿ ಬರಲಾಗಲಿಲ್ಲ.

ಬೋರಲಿಂಗಯ್ಯ ಅಂತ ಒಬ್ಬರಿದ್ದಾರೆ, ಎಂಬತ್ತು ದಾಟಿದೆ. ಬಡಿಸುವಾಗ, “ಏನವ್ವ, ಅಬ್ಬುಕ್ಕೂ ನಿನ್ ಗಂಡ ಬರ್ನಿಲ್ವಾ? ಸಾಲಗಾರ್ರು ಇಡ್ಕಂಡ್ರಾ?” ಅಂದರು. ಅವರಿಗೆ ಏನೂ ಗೊತ್ತಿಲ್ಲ, ಬಾಯಿಗೆ ಬಂದದ್ದು ಅಂದದ್ದು. ನಾನು ಮಾತ್ರ ಅವರ ಎಲೆಗೆ ಎರಡು ಸಲ ತುಪ್ಪ ಬಡಿಸಿದೆ.

ನಿಮ್ಮ ಲೆಕ್ಕ ನೋಡಿದೆ. ಒಬ್ಬರಿಗೆ ಏಳುನೂರು ರೂಪಾಯಿ ಹಾಲೇ? ಅರ್ಧ ಲೀಟರ್ ಬೇಡ, ಕಾಲು ಲೀಟರ್ ಸಾಕು. ಪತ್ರಿಕೆ ಎರಡು ಯಾಕೆ? ಒಂದರಲ್ಲಿ ಬಂದ ಸುಳ್ಳನ್ನು ಇನ್ನೊಂದರಲ್ಲಿ ಹುಡುಕುವುದಕ್ಕೆ ಎಂದು ನೀವು ಹೇಳುತ್ತೀರಿ. ಒಂದು ನಿಲ್ಲಿಸಿ, ಇನ್ನೊಂದನ್ನು ಲೈಬ್ರರಿಯಲ್ಲಿ ಓದಿ. ನನ್ನ ಕೈಖರ್ಚು ಇನ್ನೂರು ಮಾಡಿ. ಇಲ್ಲಿ ನನಗೆ ಕೊಳ್ಳುವುದಕ್ಕೆ ಏನೂ ಇಲ್ಲ. ಉಳಿದದ್ದನ್ನು ಅದೇ ಬ್ಯಾಂಕಿನಲ್ಲಿ ಇಡಬೇಡಿ, ಪೋಸ್ಟಾಫೀಸಿನಲ್ಲಿ ಇಡಿ. ಒಟ್ಟಿಗೆ ಕಟ್ಟಿ ಸಾಲವನ್ನು ಮೊದಲೇ ಮುಗಿಸಿಬಿಡೋಣ. ಹೀಗೇ ಬಿಟ್ಟರೆ ೨೦೨೬ರ ಅಕ್ಟೋಬರ್‌ವರೆಗೆ ಎಳೆಯುತ್ತದೆ. ಅಷ್ಟು ದಿನ ಈ ಕಿಟಕಿಯಿಂದ ಈ ಬೆಟ್ಟವನ್ನೇ ನೋಡಲು ನನ್ನಿಂದ ಆಗದು.

ಕರಪತ್ರದಲ್ಲಿ ಹದಿನೇಳು ತಪ್ಪಿದ್ದವು ಅಂದಿರಿ. ನೀವು ಕರಡು ತಿದ್ದುವವರು, ನಿಮಗೆ ಕಾಣುತ್ತದೆ. ನಾನು ಹದಿನೆಂಟನೆಯದಕ್ಕೆ ಕಾಯುತ್ತಿದ್ದೇನೆ.

ಧನಲಕ್ಷ್ಮಿ

*

ಮಾಗಡಿ
೧ ಜುಲೈ ೨೦೨೪

ಧನಾ,

ಜೂನ್ ಲೆಕ್ಕ ಹಿಂದಿನ ಹಾಳೆಯಲ್ಲಿದೆ. ಹಾಲು ೩೫೦. ಪತ್ರಿಕೆ ಒಂದೇ. ಲೈಬ್ರರಿಯಲ್ಲಿ ಇನ್ನೊಂದಕ್ಕೆ ನಾಲ್ಕು ಜನ ಸಾಲು ನಿಲ್ಲುತ್ತಾರೆ, ಅಷ್ಟರಲ್ಲಿ ಪದಬಂಧವನ್ನು ಯಾರೋ ತುಂಬಿರುತ್ತಾರೆ, ಅದೂ ತಪ್ಪಾಗಿ. ಉಳಿಕೆ ೪,೧೦೦. ಮೊದಲೇ ಕಟ್ಟಿ ಮುಗಿಸುತ್ತೇವೆ ಎಂದು ಬ್ಯಾಂಕಿಗೆ ಹೋಗಿ ಕೇಳಿದೆ. ಹಾಗೆ ಮುಗಿಸಿದರೆ ಬಾಕಿಯ ಮೇಲೆ ನೂರಕ್ಕೆ ನಾಲ್ಕು ದಂಡವಂತೆ. ತಡವಾದರೂ ದಂಡ, ಬೇಗ ಕೊಟ್ಟರೂ ದಂಡ. ಇದನ್ನು ಯಾವ ನ್ಯಾಯ ಅನ್ನಬೇಕು ಎಂದು ಕೇಳಿದ್ದಕ್ಕೆ ಕೌಂಟರಿನಲ್ಲಿದ್ದ ಹೆಣ್ಣುಮಗಳು, “ಸರ್, ಟರ್ಮ್ಸ್ ಅಂಡ್ ಕಂಡೀಷನ್ಸ್ ನೋಡಿ ಸೈನ್ ಮಾಡಿದೀರಲ್ಲ” ಅಂದಳು. ಮೂವತ್ತೊಂದು ಪುಟ. ನಾನು ಓದದೆ ಸಹಿ ಮಾಡಿದ ಏಕೈಕ ಪುಸ್ತಕ ಅದು.

ಈಗ ಬೇರೆ ಮಾತು. ನಾನು ಮೂರು ಸಲ ಬಾ ಎಂದು ಬರೆದೆ. ಭಾನುವಾರ ರಜೆಯಿಲ್ಲ ಎಂದು ನೀನು ಮೇ ತಿಂಗಳ ಕಾಗದದಲ್ಲಿ ಬರೆದೆ. ಮೊನ್ನೆ ಭಾನುವಾರ ತಡೆಯಲಾರದೆ ಆಶ್ರಮದ ಆಫೀಸಿಗೆ ಫೋನ್ ಮಾಡಿದೆ. “ಭಾನುವಾರ ಅವ್ರಿಗೆ ರಜಾ ಸ್ವಾಮಿ, ಬೆಳಿಗ್ಗೆ ಒಂಬತ್ತಕ್ಕೆ ಹೊರಟ್ರೆ ಸಂಜೆಗೇ ಬರೋದು” ಅಂದರು ಮ್ಯಾನೇಜರು.

ರಜೆ ಇದೆ. ಬಸ್ಸಿಗೆ ದುಡ್ಡು ಬೇಕಿಲ್ಲ. ಊರೇನು ಕಾಶಿಯಲ್ಲ, ಕನಕಪುರ, ರಾಮನಗರ, ಮಾಗಡಿ, ಮೂರು ಬಸ್ಸು. ಇಡೀ ದಿನ ಎಲ್ಲಿಗೆ ಹೋಗುತ್ತೀಯ? ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಇದ್ದವನಿಗೆ ಸುಳ್ಳು ಬರೆಯುವ ಅಗತ್ಯ ಏನಿತ್ತು?

ನರೇಂದ್ರ

*

ಕಬ್ಬಾಳು
೧೪ ಜುಲೈ ೨೦೨೪

ಮನೆಯವರಿಗೆ,

ಲೆಕ್ಕ ಸರಿಯಿದೆ. ಸಾಸಿವೆ ಎರಡು ಸಲ ಬರೆದಿದ್ದೀರಿ.

ಭಾನುವಾರ ನಾನು ಎಲ್ಲಿಗೆ ಹೋಗುತ್ತೇನೆ ಎನ್ನುವುದು ಸಾಲ ತೀರಿದ ಮೇಲೆ ಗೊತ್ತಾಗುತ್ತದೆ. ನೀವು ಸೈಟು ಮಾಡುವಾಗ ನಾನು ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದ್ದೆನೇ?

ಧನಲಕ್ಷ್ಮಿ

*

ಮಾಗಡಿ
೧ ಆಗಸ್ಟ್ ೨೦೨೪

ಧನಾ,

ಜುಲೈ ಲೆಕ್ಕ. ಕಂತು, ಹಳೆ ಬಾಕಿ, ಬಾಡಿಗೆ ಎಂದಿನಂತೆ. ದಿನಸಿ ೨,೦೬೦. ತರಕಾರಿ ೭೧೦. ಹಾಲು ೩೫೦. ಗ್ಯಾಸ್ ೪೫೦. ಪತ್ರಿಕೆ ೨೧೦. ಮಾತ್ರೆ ೩೫೦. ಫೋನ್ ೨೦೦. ನಿನಗೆ ೨೦೦. ಇತರೆ ೧೮೬. ಉಳಿಕೆ ೩,೮೮೯.

ಮಳೆ ಸರಿಯಾಗಿ ಬಂದಿಲ್ಲ. ಹಿತ್ತಲ ಕರಿಬೇವು ಚಿಗುರಿದೆ.

ನೀನು ಹೊಗೆಯಲ್ಲಿ ನಿಲ್ಲುವಾಗ ಕಣ್ಣು ಜೋಪಾನ. ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೋ.

ನರೇಂದ್ರ

*

ಕಬ್ಬಾಳು
೧೮ ಸೆಪ್ಟೆಂಬರ್ ೨೦೨೪

ಮನೆಯವರಿಗೆ,

ಆಗಸ್ಟ್ ಲೆಕ್ಕದಲ್ಲಿಯೂ ಇತರೆ ೧೮೬. ಜುಲೈನಲ್ಲಿಯೂ ಅಷ್ಟೇ. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ತೆಂಗಿನಕಾಯಿಯಾದರೆ ತೆಂಗಿನಕಾಯಿ ಎಂದು ಬರೆಯುತ್ತೀರಿ, ಹತ್ತು ರೂಪಾಯಿಯ ಬೆಂಕಿಪೊಟ್ಟಣವನ್ನೂ ಬರೆಯುತ್ತೀರಿ. ಇದಕ್ಕೆ ಮಾತ್ರ ಹೆಸರಿಲ್ಲ. ಯಾವುದಾದರೂ ಚೀಟಿ ಹಾಕಿದ್ದೀರಾ? ಆ ಬಡಾವಣೆಯವನ ಮೇಲೆ ಕೇಸು ಎಂದು ಮತ್ತೆ ಯಾರಿಗೋ ತಿಂಗಳಿಗಿಷ್ಟು ಎಂದು ಕೊಡುತ್ತಿದ್ದೀರಾ? ನೂರ ಎಂಬತ್ತಾರಕ್ಕೆ ನಾನು ಹೆದರುವುದಿಲ್ಲ. ಆ ಪದಕ್ಕೆ ಹೆದರುತ್ತೇನೆ. ಅದರ ಹಿಂದೆ ಒಂದು ಸಲ ಎಂಬತ್ತೈದು ಸಾವಿರ ಇತ್ತು.

ಇಲ್ಲಿ ಗ್ಯಾಸ್ ಒಲೆ ಎಂದು ಮೊದಲ ಕಾಗದದಲ್ಲೇ ಬರೆದಿದ್ದೆ. ಹೊಗೆ ಎಲ್ಲಿಂದ ಬರಬೇಕು? ನನ್ನ ಕಾಗದಗಳನ್ನು ನೀವು ಸರಿಯಾಗಿ ಓದುತ್ತಿಲ್ಲ ಎಂದು ಕಾಣುತ್ತದೆ.

ಗೌರಿ ಹಬ್ಬ ಬಂದು ಹೋಯಿತು. ಮೊದಲೆಲ್ಲ ಬಾ ಬಾ ಎಂದು ಬರೆಯುತ್ತಿದ್ದವರು ಈಗ ಅದನ್ನೂ ಬಿಟ್ಟಿರಿ. ಒಳ್ಳೆಯದಾಯಿತು. ನಾನು ಹೇಗೂ ಬರುತ್ತಿರಲಿಲ್ಲ. ಆದರೂ ಕಾಗದ ಒಡೆದಾಗ ಆ ಒಂದು ಸಾಲನ್ನು ಕಣ್ಣು ಹುಡುಕುತ್ತದೆ. ಕೊನೆಯವರೆಗೂ ಓದಿ, ಹಾಳೆ ತಿರುಗಿಸಿ ನೋಡಿದೆ. ಅಲ್ಲಿ ಲೆಕ್ಕವಿತ್ತು.

ಧನಲಕ್ಷ್ಮಿ

*

ಮಾಗಡಿ
೧ ಅಕ್ಟೋಬರ್ ೨೦೨೪

ಧನಾ,

ಲೆಕ್ಕ ಜೊತೆಗಿದೆ. ಇತರೆ ೧೮೬. ಚೀಟಿಯಲ್ಲ, ವಕೀಲನಲ್ಲ. ನಿನ್ನ ಆಣೆ. ಅದಕ್ಕಿಂತ ಹೆಚ್ಚು ಕೇಳಬೇಡ.

ಎಲ್ಲದಕ್ಕೂ ಹೆಸರಿಟ್ಟರೆ ಕೆಲವು ಉಳಿಯುವುದಿಲ್ಲ.

ಬಡಾವಣೆಯವನು ಕನಕಪುರ ರಸ್ತೆಯಲ್ಲಿ ಇನ್ನೊಂದು ಹೆಸರಿನಲ್ಲಿ ಹೊಸ ಕಚೇರಿ ತೆರೆದಿದ್ದಾನೆ ಎಂದು ಕೇಳಿದೆ. ಹೊಸ ಕರಪತ್ರ ನಮ್ಮ ಪ್ರೆಸ್ಸಿಗೇ ಅಚ್ಚಿಗೆ ಬಂದಿತ್ತು! ಮಾಲೀಕ ದೇವರಾಜು ಮುಂದೆ ಆ ಹಾಳೆಯನ್ನು ಹರಿದು ಹಾಕಿದೆ. “ಲೋ ನರೇಂದ್ರ, ನಿನ್ ಸಿಟ್ಟು ಸರಿ ಕಣ್ಲಾ, ಆದ್ರೆ ಈ ತಿಂಗ್ಳು ಬಾಡ್ಗೆ ನೀನ್ ಕಟ್ತೀಯಾ?” ಅಂದ. ಕೊನೆಗೆ ಅವನೂ ಅದನ್ನು ಅಚ್ಚು ಮಾಡಲಿಲ್ಲ. ಬೇರೆ ಪ್ರೆಸ್ಸಿನವರು ಮಾಡಿದರು. ಈ ದೇಶದಲ್ಲಿ ಕಳ್ಳನಿಗೆ ಅಚ್ಚುಕೂಟದ ಕೊರತೆ ಎಂದೂ ಆಗಿಲ್ಲ.

ನರೇಂದ್ರ

*

ಮಾಗಡಿ
೧ ಫೆಬ್ರವರಿ ೨೦೨೫

ಧನಾ,

ಹಳೆ ಬಾಕಿ ಡಿಸೆಂಬರ್‌ಗೇ ಮುಗಿದಿದ್ದರಿಂದ ಜನವರಿಯಲ್ಲಿ ಉಳಿಕೆ ೬,೯೧೦. ಪೋಸ್ಟಾಫೀಸಿನ ಪುಸ್ತಕ ನೋಡಿದರೆ ನಿನಗೆ ಸಂತೋಷವಾಗುತ್ತದೆ. ಇತರೆ ೨೧೪.

ಬಸ್ ದರ ಏರಿಸಿದ್ದನ್ನು ಓದಿರಬಹುದು. ನೂರಕ್ಕೆ ಹದಿನೈದು! ಕೂಲಿಯವನ ಕೂಲಿ ಹದಿನೈದು ಏರಿತೇ? ನನ್ನ ಪ್ರೆಸ್ಸಿನ ಸಂಬಳ ಮೂರು ವರ್ಷದಿಂದ ಅಲ್ಲೇ ಕುಳಿತಿದೆ. ಡೀಸೆಲ್ ಏರಿತು ಎನ್ನುತ್ತಾರೆ. ಡೀಸೆಲ್ ಇಳಿದಾಗ ಯಾವ ಸರ್ಕಾರ ಟಿಕೆಟ್ ಇಳಿಸಿತ್ತು? ನಾನು ರಾಮನಗರದಲ್ಲಿ ಓದುತ್ತಿದ್ದಾಗ ಟಿಕೆಟ್ ಹತ್ತು ಪೈಸೆ ಏರಿದ್ದಕ್ಕೆ ನಾವು ಹುಡುಗರು ಎರಡು ದಿನ ರಸ್ತೆಯಲ್ಲಿ ಕೂತಿದ್ದೆವು. ಈಗ ಎಲ್ಲರೂ ತೆಪ್ಪಗೆ ಕೊಡುತ್ತಾರೆ. ಮನೆಯಲ್ಲಿ ಅರ್ಧ ಜನಕ್ಕೆ ಬಿಟ್ಟಿ ಕೊಟ್ಟು, ಉಳಿದರ್ಧದ ಜೇಬಿಗೆ ಕೈ ಹಾಕಿದರೆ ಮನೆಯಲ್ಲೇ ಮಾತು ನಿಲ್ಲುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ರಾಮನಗರದ ಸ್ಟ್ಯಾಂಡಿನಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿದೆ. ಒಬ್ಬಳು ಅಜ್ಜಿ ಮಾತ್ರ ಕೇಳಿಸಿಕೊಂಡಳು, ಅವಳದು ಪುಕ್ಕಟೆ ಟಿಕೆಟ್.

ಚಳಿ ಇದೆ. ಸ್ವೆಟರ್ ಇಲ್ಲೇ ಬಿಟ್ಟು ಹೋಗಿದ್ದೀಯ. ಕಳಿಸಲೇ?

ನರೇಂದ್ರ

*

ಕಬ್ಬಾಳು
೧೬ ಫೆಬ್ರವರಿ ೨೦೨೫

ಮನೆಯವರಿಗೆ,

ಸ್ವೆಟರ್ ಬೇಡ.

ಇತರೆ ಈಗ ಇನ್ನೂರ ಹದಿನಾಲ್ಕು ಆಯಿತು. ಆರು ತಿಂಗಳು ಒಂದೇ ಸಮ ನಿಂತಿದ್ದದ್ದು ಇಪ್ಪತ್ತೆಂಟು ರೂಪಾಯಿ ಏರಿತು. ಏರುವುದಕ್ಕೆ ಶುರುವಾದ ಮೇಲೆ ಎಲ್ಲಿ ನಿಲ್ಲುತ್ತದೆ? ನೀವು ಪ್ರೆಸ್ಸು, ಮನೆ, ಲೈಬ್ರರಿ ಬಿಟ್ಟು ಎಲ್ಲಿಗೂ ಹೋಗುವವರಲ್ಲ. ನಿಮಗೆ ಬಸ್ ದರದ ಬಗ್ಗೆ ಒಂದು ಪುಟ ಬರೆಯಲು ಸಮಯವಿದೆ, ಇನ್ನೂರ ಹದಿನಾಲ್ಕರ ಬಗ್ಗೆ ಒಂದು ಪದ ಬರೆಯಲು ಇಲ್ಲ.

೧೯೯೪ರ ಕಾರ್ಯದರ್ಶಿಯ ಅಂಗಿಯ ಬಣ್ಣ ನೆನಪಿದೆ. ಟಿಕೆಟ್ ಹತ್ತು ಪೈಸೆ ಏರಿದ್ದು ನೆನಪಿದೆ. ಬೇರೆಯವರು ಮಾಡಿದ್ದೆಲ್ಲ ನೆನಪಿದೆ. ಮಕ್ಕಳಿಲ್ಲದ ನಮಗೆ ಸೈಟು ಯಾತಕ್ಕೆ, ಮೆಸ್ ಆದರೆ ದಿನಾ ನಾಲ್ಕು ಜನ ಉಣ್ಣಲು ಬರುತ್ತಾರೆ ಎಂದು ನಾನು ಹೇಳಿದ್ದು ನೆನಪಿದೆಯೇ?

ಕೊನೆಯ ಮಾತು. ಮುಂದಿನ ಲೆಕ್ಕದಲ್ಲಿ ಆ ಪದ ಕಂಡರೆ ನನ್ನ ಸಂಬಳವನ್ನು ಬೇರೆ ಖಾತೆಗೆ ಹಾಕಿಸಿಕೊಳ್ಳುತ್ತೇನೆ. ನನ್ನ ಪಾಲಿನ ಸಾಲ ನಾನು ತೀರಿಸುತ್ತೇನೆ. ತೀರಿದ ಮೇಲೂ ಇಲ್ಲಿಯೇ ಇರುತ್ತೇನೆ. ಇಲ್ಲಿನ ಮುದುಕರಿಗೆ ಕೊನೇಪಕ್ಷ ಉಪ್ಪು ಕಡಿಮೆಯಾದರೆ ಕಡಿಮೆ ಎಂದು ಬಾಯಿಬಿಟ್ಟು ಹೇಳಲು ಬರುತ್ತದೆ.

ಧನಲಕ್ಷ್ಮಿ

*

ಮಾಗಡಿ
೧ ಮಾರ್ಚ್ ೨೦೨೫

ಧನಾ,

ಫೆಬ್ರವರಿ ಲೆಕ್ಕ. ಉಳಿಕೆ ೭,೧೨೪. ಇತರೆ ಇಲ್ಲ.

ನರೇಂದ್ರ

*

ಮಾಗಡಿ
೧ ಏಪ್ರಿಲ್ ೨೦೨೫

ಧನಾ,

ಮಾರ್ಚ್ ಲೆಕ್ಕ. ಉಳಿಕೆ ೭,೧೪೦. ಇತರೆ ಇಲ್ಲ. ಕರಿಬೇವು ಒಣಗಿದೆ, ನೀರು ಹಾಕಿದ್ದೇನೆ.

ನರೇಂದ್ರ

*

ಕಬ್ಬಾಳು
೭ ಮೇ ೨೦೨೫

ಮನೆಯವರಿಗೆ,

ನಿಮ್ಮ ಏಪ್ರಿಲ್ ಲೆಕ್ಕವೂ ಬಂದಿದೆ. ಅದರಲ್ಲಿಯೂ ಇತರೆ ಇಲ್ಲ. ಇದನ್ನು ಕೂತು ಬರೆಯಲು ನನಗೆ ಎರಡು ದಿನ ಹಿಡಿಯಿತು.

ಸೋಮವಾರ ಬೋರಲಿಂಗಯ್ಯನವರಿಗೆ ಕಣ್ಣು ತೋರಿಸಲು ರಾಮನಗರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹಿರಿಯರ ಕಾರ್ಡನ್ನು ಅವರು ಎಂದೋ ಕಳೆದಿದ್ದಾರೆ, ಪೂರ್ತಿ ಟಿಕೆಟ್. ಕಂಡಕ್ಟರ್ ನನಗೆ ಸೊನ್ನೆಯ ಚೀಟಿ ಹರಿದುಕೊಟ್ಟು ಅವರ ಕಡೆ ಕೈ ಚಾಚಿದ. “ಏನ್ಲಾ, ನಾನೂ ಸೀರೆ ಉಟ್ಕಂಡ್ ಬಂದಿದ್ರೆ ಬುಟ್ಬುಡ್ತಿದ್ದಾ?” ಅಂದರು ಇವರು. “ಸೀರೆ ಉಟ್ರೂ ಆಧಾರ್ ಕಾರ್ಡ್ ತೋರಿಸ್ಬೇಕು ಕಣಜ್ಜೋ” ಅಂದ ಅವನು. ಬಸ್ಸೆಲ್ಲ ನಕ್ಕಿತು. ನಾನು ಪರ್ಸು ತೆಗೆದೆ. ಕಬ್ಬಾಳಿನಿಂದ ಕನಕಪುರಕ್ಕೆ ಇಪ್ಪತ್ತೇಳು. ಅಲ್ಲಿಂದ ರಾಮನಗರಕ್ಕೆ ಮೂವತ್ತೈದು.

ಎರಡು ವರ್ಷವಾಯಿತು ನಾನು ಬಸ್ಸಿಗೆ ದುಡ್ಡು ಕೊಟ್ಟು. ಯಾವ ಊರಿಗೆ ಎಷ್ಟು ಎನ್ನುವುದೇ ಮರೆತಿದೆ. ಇವರ ಟಿಕೆಟ್ಟಿಗೆ ಚಿಲ್ಲರೆ ಎಣಿಸಿ ಕೊಡುವಾಗ ನಿಮ್ಮ ಫೆಬ್ರವರಿ ಕಾಗದ ನೆನಪಾಯಿತು. ಎಲ್ಲಿಗೂ ಹೋಗದ ಮನುಷ್ಯನಿಗೆ ಟಿಕೆಟ್ ದರದ ಮೇಲೆ ಅಷ್ಟು ಸಿಟ್ಟು ಯಾಕೆ ಬಂತು? ರಾಮನಗರದ ಸ್ಟ್ಯಾಂಡಿನಲ್ಲಿ ಏನು ಮಾಡುತ್ತಿದ್ದರು? ಇಳಿದವಳೇ ಅಲ್ಲಿ ನಿಂತಿದ್ದ ಮಾಗಡಿ ಬಸ್ಸಿನವನನ್ನು ಕೇಳಿದೆ. “ಮಾಗಡಿಗಾ? ನಲವತ್ತು. ನಿಂಗ್ಯಾಕವ್ವ ರೇಟು, ನಿಂಗೆಂಗಿದ್ರೂ ಫ್ರೀ ಅಲ್ವಾ?” ಅಂದ.

ಇಪ್ಪತ್ತೇಳು, ಮೂವತ್ತೈದು, ನಲವತ್ತು. ಹೋಗಿ ಬರಲು ಇನ್ನೂರ ನಾಲ್ಕು. ಬೋರಲಿಂಗಯ್ಯನವರನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ, ಅವರ ಚೀಟಿಯ ಹಿಂದೆ ಕೂಡಿಸಿ ನೋಡಿದೆ. ನಿಮ್ಮದು ಇನ್ನೂರ ಹದಿನಾಲ್ಕು. ಹತ್ತು ರೂಪಾಯಿ ಉಳಿಯಿತು. ನೀವು ಲೆಕ್ಕದಲ್ಲಿ ಹತ್ತು ರೂಪಾಯಿ ತಪ್ಪುವವರಲ್ಲ.

ಈಗ ನಾನು ಬಚ್ಚಿಟ್ಟದ್ದನ್ನು ಬರೆಯಬೇಕು. ಭಾನುವಾರ ಕಬ್ಬಾಳಮ್ಮನ ಗುಡಿಗೆ ಹರಕೆಯವರು ಬರುತ್ತಾರಲ್ಲ, ಮರಿ ಕೊಯ್ದು ಅಡುಗೆ ಮಾಡಿಸಿ ನೆಂಟರಿಗೆಲ್ಲ ಊಟ ಹಾಕಿಸುತ್ತಾರೆ. ನಾನು ಅವರಿಗೆ ಅಡುಗೆ ಮಾಡುತ್ತೇನೆ. ದಿನಕ್ಕೆ ಆರುನೂರು. ಮೂರು ಕಲ್ಲಿನ ಒಲೆ, ಹಸಿ ಸೌದೆ. ವರ್ಷದ ಮೇಲಾಯಿತು, ಮೂವತ್ಮೂರು ಸಾವಿರ ಚಿಲ್ಲರೆ ಇಲ್ಲಿಯ ಪೋಸ್ಟಾಫೀಸಿನಲ್ಲಿದೆ. ಕೊನೆಯ ದಿನ ನಿಮ್ಮ ಮುಂದೆ ಇಟ್ಟು, ನೋಡಿ, ಹೀಗೆ ದುಡ್ಡು ಮಾಡುತ್ತಾರೆ ಎನ್ನಬೇಕು ಅಂದುಕೊಂಡಿದ್ದೆ. ಅದು ನನ್ನ ಸೊಕ್ಕು.

ಸೌದೆ ಒಲೆ ಎನ್ನುವುದು ನಿಮಗೆ ಹೇಗೆ ಗೊತ್ತಾಯಿತು? ಹೊಗೆಯಲ್ಲಿ ಕಣ್ಣು ಜೋಪಾನ ಎಂದು ಹೋದ ಆಗಸ್ಟ್‌ನಲ್ಲಿ ಬರೆದಿರಿ. ಕಾಗದವನ್ನು ಸರಿಯಾಗಿ ಓದದವಳು ನಾನು.

ಒಲೆಯ ಎದುರಿಗೆ ರಸ್ತೆಯ ಆಚೆ ಮಾರಮ್ಮನ ಟೀ ಅಂಗಡಿ ಇದೆ. ಟೀಗೆ ಹತ್ತು ರೂಪಾಯಿ. ಕಬ್ಬಾಳಿಗೆ ಮರಳಿದ ಸಂಜೆಯೇ ಅಲ್ಲಿಗೆ ಹೋಗಿ ಕೇಳಿದೆ.

“ಯಾರು, ಆ ಕನ್ನಡಕದಯ್ಯನಾ? ತಿಂಗ್ಳ ಕೊನೆ ಭಾನ್ವಾರ ಬತ್ತಿದ್ರು ಕಣವ್ವ. ಒಸಿ ಸಕ್ರೆ ಕಮ್ಮಿ ಆಕು ಅನ್ನೋರು. ಒಂದ್ ಟೀ ತಕ್ಕಂಡ್ ಮೂರ್ ಗಂಟೆ ಕೂರೋರು. ನಂಗ್ ಯಾಪಾರ ಆಗ್ಬೇಕಲ್ಲ! ಒಂದಿನ ಅಂದೇಬುಟ್ಟೆ, ‘ಸ್ವಾಮಿ, ಅಲ್ಲಿ ಎಲೆ ಆಕವ್ರೆ, ಓಗಿ ಉಣ್ಣಿ’ 
ಅಂತ. ‘ನನ್ನ ಕರ್ದಿಲ್ಲ ಕಣಮ್ಮ’ ಅಂದ್ರು. ಮೂರ್ ತಿಂಗ್ಳಾಯ್ತು ಕಂಡಿಲ್ಲ. ಉಸಾರಾಗವ್ರಾ?”

ಏಳು ಭಾನುವಾರ. ರಸ್ತೆಯ ಅಗಲ ಮೂವತ್ತು ಅಡಿ ಕೂಡ ಇಲ್ಲ.

ಬಂದಿದ್ದೆ ಎಂದು ಬರೆಯಲು ನಿಮಗೆ ಏನು ರೋಗವಾಗಿತ್ತು?

ಧನಲಕ್ಷ್ಮಿ

*

ಮಾಗಡಿ
೧೨ ಮೇ ೨೦೨೫

ಧನಾ,

ಇವತ್ತು ಒಂದನೇ ತಾರೀಖಲ್ಲ. ಲೆಕ್ಕವಿಲ್ಲದೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು.

ಕಳೆದ ಜುಲೈನಲ್ಲಿ ನಾನು ಬಂದದ್ದು ಒಳ್ಳೆಯ ಮನಸ್ಸಿನಿಂದಲ್ಲ. ಭಾನುವಾರ ಎಲ್ಲಿಗೆ ಹೋಗುತ್ತೀಯ ಎಂದು ಕಂಡುಹಿಡಿಯಲು ಬಂದೆ. ಆಶ್ರಮದ ಗೇಟಿನಿಂದ ನಿನ್ನ ಹಿಂದೆಯೇ ಗುಡಿಯವರೆಗೆ ನಡೆದೆ, ಕಳ್ಳನ ಹಾಗೆ. ನೀನು ಸೆರಗು ಸಿಕ್ಕಿಸಿ ಅರವತ್ತು ಜನರ ಹಿಟ್ಟು ತಿರುವಲು ನಿಂತೆ. ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಪಕ್ಕದ ಹೆಂಗಸು ಏನೋ ಅಂದಳು, ನೀನು ನಕ್ಕೆ. ಆ ನಗು ನಮ್ಮ ಮನೆಯಲ್ಲಿ ಕೇಳಿ ಮೂರು ವರ್ಷವಾಗಿತ್ತು. ರಸ್ತೆ ದಾಟಲು ಎದ್ದೆ. ಮುಂದೆ ಬರಬಾರದು ಎಂದಿದ್ದೆಯಲ್ಲ, ಕೂತೆ. ಆಮೇಲೆ ನಿನ್ನನ್ನು ಊರಿಗೆ ಬಾ ಎಂದು ಕರೆಯಲು ಬಾಯಿ ಬರಲಿಲ್ಲ. ನೀನು ಯಾಕೆ ಬರುವುದಿಲ್ಲ ಎನ್ನುವುದು ಕಣ್ಣಾರೆ ಕಂಡಿತ್ತು.

ಯಾಕೆ ಬರೆಯಲಿಲ್ಲ ಎಂದೆ. ಬರೆದಿದ್ದರೆ ನೀನು ಎರಡನೇ ಪತ್ರಿಕೆಯ ಹಾಗೆ ಅದನ್ನೂ ಕತ್ತರಿಸುತ್ತಿದ್ದೆ. ಇದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಬಂದಿದ್ದೆ ಎಂದು ಬರೆದರೆ ರಸ್ತೆ ಯಾಕೆ ದಾಟಲಿಲ್ಲ ಎಂದೂ ಬರೆಯಬೇಕಿತ್ತು. ಅದಕ್ಕೆ ಮೊದಲು ಇನ್ನೊಂದು ವಾಕ್ಯ ಬರೆಯಬೇಕಿತ್ತು. ನಾಲ್ಕು ವರ್ಷದಿಂದ ಅದು ಪೆನ್ನಿನ ತುದಿಗೆ ಬಂದಾಗಲೆಲ್ಲ ಬಡಾವಣೆಯವನನ್ನೋ ಬ್ಯಾಂಕಿನವರನ್ನೋ ಸರ್ಕಾರವನ್ನೋ ಬೈಯುತ್ತ ಹಾಳೆ ತುಂಬಿಸಿದೆ. ಅವರೆಲ್ಲ ಬೈಸಿಕೊಳ್ಳಲು ಯೋಗ್ಯರೇ. ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಆದರೆ ಆ ಎಂಬತ್ತೈದು ಸಾವಿರವನ್ನು ಅವರು ತೆಗೆಯಲಿಲ್ಲ. ನಾನು ತೆಗೆದೆ. ಅದು ನಿನ್ನದು, ನಿನ್ನ ಏಳು ವರ್ಷ. ಕೇಳಿದರೆ ಬೇಡ ಎನ್ನುತ್ತೀಯ ಎಂದು ಗೊತ್ತಿದ್ದರಿಂದಲೇ ಕೇಳಲಿಲ್ಲ. ಬಾಡಿಗೆ ಮನೆಯಲ್ಲಿ ಹುಟ್ಟಿ ಬಾಡಿಗೆ ಮನೆಯಲ್ಲೇ ಮುದುಕನಾಗುತ್ತಿರುವವನಿಗೆ ಒಂದು ಕಾಗದದ ಮೇಲೆ ತನ್ನ ಹೆಸರು ನೋಡಬೇಕೆಂಬ ಆಸೆ ಹುಟ್ಟಿತ್ತು. ಅದಕ್ಕೆ ನಿನ್ನ ಆಸೆಯನ್ನು ‘ಇತರೆ’ ಎಂದು ಬರೆದೆ. ತಪ್ಪು ನನ್ನದು, ಧನಾ. ಹದಿನೆಂಟನೆಯದು ಇದು. ಕರಪತ್ರದಲ್ಲಿರಲಿಲ್ಲ.

ಮೆಸ್ಸಿನ ಮಾತು ನೆನಪಿದೆ. ದಿನಾ ನಾಲ್ಕು ಜನ ಬರುತ್ತಾರೆ ಎಂದಾಗ ನೀನು ಅವರೆಕಾಳು ಸುಲಿಯುತ್ತಿದ್ದೆ. ನಾನು ಪತ್ರಿಕೆಯಿಂದ ತಲೆ ಎತ್ತಲಿಲ್ಲ.

ಈ ಮೂರು ತಿಂಗಳು ತಿಂಗಳ ಕೊನೆಯ ಭಾನುವಾರ ಬಂದಾಗಲೆಲ್ಲ ಬೆಳಿಗ್ಗೆ ಬಟ್ಟೆ ಹಾಕಿಕೊಂಡು ಬಸ್ ನಿಲ್ದಾಣದವರೆಗೆ ಹೋಗಿ ಬಂದಿದ್ದೇನೆ. ಅದಕ್ಕೆ ಖರ್ಚಿಲ್ಲ, ಹಾಗಾಗಿ ಲೆಕ್ಕದಲ್ಲಿ ಬಂದಿಲ್ಲ.

ನರೇಂದ್ರ

*

ಕಬ್ಬಾಳು
೧೮ ಮೇ ೨೦೨೫

ಮನೆಯವರಿಗೆ,

ನಿಮ್ಮ ಕಾಗದವನ್ನು ಮಡಿಸಿ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ. ಎರಡು ಸಲ ತೆಗೆದು ಓದಿದೆ. ಮೂರನೇ ಸಲ ಬೋರಲಿಂಗಯ್ಯ, “ಏನವ್ವ, ಅಕ್ಕಿಗ್ ಕಣ್ಣೀರ್ ಆಕಿ ಬೇಯಿಸ್ತೀಯಾ, ಉಪ್ಪು ಉಳಿಸಕ್ಕಾ?” ಅಂದರು. ಕಣ್ಣಿಗೆ ಔಷಧಿ ಹಾಕಿದ ಮೇಲೆ ಅವರಿಗೆ ಎಲ್ಲ ಕಾಣುತ್ತದೆ.

ಸಿಟ್ಟು ಪೂರ್ತಿ ಹೋಗಿಲ್ಲ. ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಎಂಬತ್ತೈದು ಸಾವಿರ ನನಗೆ ವಾಪಸ್ಸು ಬರಬೇಕು, ತಿಂಗಳಿಗೆ ಐನೂರಾದರೂ ಸರಿ. ಈ ಸಲದ ಲೆಕ್ಕ ನಾನೇ ಹಾಕಿದ್ದೇನೆ.

ಜೂನ್‌ಗೆ: ಕಂತು ೧೧,೮೯೫. ಬಾಡಿಗೆ ೪,೦೦೦. ದಿನಸಿ ೨,೦೦೦. ತರಕಾರಿ ೭೦೦. ಹಾಲು ೩೫೦. ಗ್ಯಾಸ್ ೪೫೦. ಪತ್ರಿಕೆ ೨೧೦, ಎರಡನೆಯದು ಈಗಲೇ ಬೇಡ. ಮಾತ್ರೆ ೩೫೦. ಫೋನ್ ೨೦೦. ನನಗೆ ೨೦೦. ಮೆಸ್ಸಿಗೆ ೫೦೦. ನನ್ನ ಭಾನುವಾರದ ದುಡ್ಡನ್ನೂ ಸೇರಿಸಿಕೊಂಡರೆ ದಂಡ ಕಟ್ಟಿಯೂ ನವೆಂಬರ್‌ಗೆ ಸಾಲ ಮುಗಿಯುತ್ತದೆ. ಹನ್ನೊಂದು ತಿಂಗಳು ಮೊದಲು. ಮೂರು ಸಲ ಕೂಡಿಸಿ ನೋಡಿದ್ದೇನೆ. ನೀವೂ ಒಮ್ಮೆ ನೋಡಿ.

ನವೆಂಬರ್‌ವರೆಗೆ ನಾನು ಇಲ್ಲಿಯೇ. ಮುಂದೆ ಬರಬಾರದು ಎಂದದ್ದನ್ನು ಹೊಡೆದು ಹಾಕಿದ್ದೇನೆ. ಕೊನೆಯ ಭಾನುವಾರ ಒಂದು ದೊಡ್ಡ ಹರಕೆ ಇದೆ, ನೂರೈವತ್ತು ಎಲೆ. ಹತ್ತು ಕೆಜಿ ಈರುಳ್ಳಿ ಹೆಚ್ಚಲು ಜನ ಬೇಕು. ಕನ್ನಡಕ ಹಾಕಿಕೊಂಡಿದ್ದರೆ ಕಣ್ಣು ಅಷ್ಟು ಉರಿಯುವುದಿಲ್ಲ.

ಲೆಕ್ಕದಲ್ಲಿ ಇನ್ನು ‘ಇತರೆ’ ಬೇಡ. ‘ಬಸ್ಸು’ ಎಂದೇ ಬರೆಯಿರಿ, ೨೦೪. ಅದಕ್ಕೆ ಮಾರಮ್ಮನ ಹತ್ತು ರೂಪಾಯಿ ಸೇರಿಸಬೇಡಿ. ಟೀ ನಾನು ಮಾಡುತ್ತೇನೆ.

ಧನಾ